ದೀಪ ಹಾಕಿದರೆ ಏರುವ ಮುಳ್ಳು: ಧಾರವಾಡದ ಒಂದು ಕ್ಯಾಂಪರ್ ವ್ಯಾನಿನ ಚಾರ್ಜಿಂಗ್ ಪ್ರಕರಣ

ಗಾಡಿ ಟೆಂಪೋ ಟ್ರಾವೆಲರ್ ವರ್ಗದ್ದು, 12 ವೋಲ್ಟಿನ ಹಳೇ ಡೀಸೆಲ್ ವ್ಯಾನ್. ಧಾರವಾಡದ ಒಂದು ಕುಟುಂಬ ಅದರೊಳಗೆ ಎರಡು ಹಾಸಿಗೆ, ಕಂಪ್ರೆಸರ್ ಫ್ರಿಜ್, ಎಲ್‌ಇಡಿ ದೀಪ, ನೀರಿನ ಪಂಪು, ಸಣ್ಣದೊಂದು ಇನ್ವರ್ಟರ್ ಹಾಕಿಸಿ ಕ್ಯಾಂಪರ್ ಮಾಡಿಸಿಕೊಂಡಿತ್ತು. ಎಂಜಿನ್ ಬ್ಯಾಟರಿ ಮುಂದೆ. ಮನೆಯ ಕೆಲಸಕ್ಕೆ ಬೇರೆ ಬ್ಯಾಟರಿ, ನಾವು ಮನೆಯಲ್ಲಿ ಇನ್ವರ್ಟರಿಗೆ ಇಡುವಂಥದ್ದೇ 150 ಆಂಪಿಯರ್-ಅವರ್ ಟ್ಯೂಬುಲರ್ (ಸೀಸ-ಆಮ್ಲದ ಬ್ಯಾಟರಿ). ಅದು ಹಿಂದಿನ ಹಾಸಿಗೆ ಕೆಳಗೆ, ಗ್ಯಾಸು ಹೊರಗೆ ಹೋಗುವ ಕೊಳವೆ ಇರುವ ಮುಚ್ಚಿದ ಪೆಟ್ಟಿಗೆಯಲ್ಲಿತ್ತು. ಎರಡರ ನಡುವೆ ವೋಲ್ಟೇಜ್ ನೋಡಿಕೊಂಡು ತಾನೇ ಕೂಡುವ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್ಚು): ಎಂಜಿನ್ ಬ್ಯಾಟರಿ 13.3 ವೋಲ್ಟ್ ಮುಟ್ಟಿದರೆ ಕೂಡುತ್ತದೆ, 12.8ಕ್ಕೆ ಇಳಿದರೆ ಬಿಡುತ್ತದೆ. ಚಾವಣಿ ಮೇಲೆ ಸೋಲಾರ್ ಇಲ್ಲ. ಹಿಂದಿನ ಬ್ಯಾಟರಿಗೆ ಬರುವ ಕರೆಂಟೆಲ್ಲ ಓಡುವ ಎಂಜಿನ್ನಿನಿಂದಲೇ ಬರಬೇಕು.

ಬಂದ ದೂರುಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುತ್ತಿದ್ದವು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಗೋಕರ್ಣಕ್ಕೆ ಹೋಗಿ ನಿಲ್ಲಿಸಿದರೆ ಅಷ್ಟು ತಾಸು ಓಡಿದ ಮೇಲೂ ರಾತ್ರಿ ನಿದ್ದೆ ಹತ್ತುವುದರೊಳಗೆ ಫ್ರಿಜ್ ನಿಲ್ಲುತ್ತಿತ್ತು. ಬೆಳಿಗ್ಗೆ ಸೆಲ್ಫ್ ನಿಧಾನ. ವಾಪಸು ಬರುವಾಗ ಅರಬೈಲ್ ಘಾಟ್ ಏರುತ್ತ ಹೆಡ್‌ಲೈಟ್ ಹಾಕಿದರೆ ಎಂಜಿನ್ ಬಿಸಿಯ ಮುಳ್ಳು ನಡುವಿನಿಂದ ಮುಕ್ಕಾಲಿಗೆ ಏರುತ್ತಿತ್ತು. ಡೀಸೆಲ್ ಮುಳ್ಳು ಕಾಲು ಟ್ಯಾಂಕ್ ತೋರಿಸುತ್ತಿರುವಾಗಲೇ ಹಳಿಯಾಳದ ರಸ್ತೆಯಲ್ಲಿ ಗಾಡಿ ಡೀಸೆಲ್ ಮುಗಿದು ನಿಂತಿತ್ತು. ಇಷ್ಟೆಲ್ಲ ಆಗುತ್ತಿದ್ದರೂ ಒಳಗಿನ ಬ್ಯಾಟರಿ ಮಾನಿಟರ್ ಮಾತ್ರ ಯಾವಾಗಲೂ 90ರ ಮೇಲೆ ಪ್ರತಿಶತ ತೋರಿಸುತ್ತಿತ್ತು.

ಅಷ್ಟರಲ್ಲಿ ಥರ್ಮೋಸ್ಟಾಟ್ ಬದಲಾಗಿತ್ತು, ರೇಡಿಯೇಟರ್ ಬಿಚ್ಚಿ ತೊಳೆದಾಗಿತ್ತು, ಎಂಜಿನ್ ಬ್ಯಾಟರಿ ಹೊಸದಾಗಿತ್ತು. ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರನ್ನೂ (ರೂಢಿಯ ಮಾತಿನಲ್ಲಿ ಡೈನಮೋ) ರಿಪೇರಿಗೆ ಕಳಿಸಿ ತರಿಸಿದ್ದರು. ಈ ನಾಲ್ಕರಲ್ಲಿ ಯಾವುದೂ ಕೆಟ್ಟಿರಲಿಲ್ಲ.

ಮುಳ್ಳೇ ಕೊಟ್ಟ ಸುಳಿವು

ಘಾಟಿನಲ್ಲಿ ಎಂಜಿನ್ ಬಿಸಿಯಾಗುವುದು ಸಹಜ, ಹಾಗಾಗಿ ಎಲ್ಲರೂ ಘಾಟನ್ನೇ ದೂರಿದ್ದರು. ಆದರೆ ಇದೇ ಗಾಡಿ ಗಬ್ಬೂರು ಬೈಪಾಸಿನ ಸಪಾಟು ರಸ್ತೆಯಲ್ಲಿ ರಾತ್ರಿ ಓಡಿದಾಗಲೂ ಮುಳ್ಳು ಏರುತ್ತಿತ್ತು. ಹಗಲಲ್ಲಿ ಘಾಟ್ ಹತ್ತಿದರೂ ನಡುವಿನಲ್ಲೇ ನಿಲ್ಲುತ್ತಿತ್ತು. ನಿಂತ ಗಾಡಿಯಲ್ಲಿ ಎಂಜಿನ್ ಓಡಿಸಿ ಹೆಡ್‌ಲೈಟ್ ಮತ್ತು ಬ್ಲೋವರ್ ಒಟ್ಟಿಗೆ ಹಾಕಿದಾಗ ಮುಳ್ಳು ತಟ್ಟನೆ ಏರಿತು, ಆರಿಸಿದಾಗ ತಟ್ಟನೆ ಇಳಿಯಿತು. ಎಂಜಿನ್ನಿನ ಕಬ್ಬಿಣ ಮತ್ತು ಅದರೊಳಗಿನ ನೀರು ಎರಡು ಸೆಕೆಂಡಿನಲ್ಲಿ ಬಿಸಿಯಾಗಿ ಎರಡು ಸೆಕೆಂಡಿನಲ್ಲಿ ತಣ್ಣಗಾಗುವುದು ಸಾಧ್ಯವಿಲ್ಲ. ಥರ್ಮೋಸ್ಟಾಟ್ ಹೌಸಿಂಗಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಮುಳ್ಳು ಮೇಲಿದ್ದಾಗಲೂ ಕೆಳಗಿದ್ದಾಗಲೂ 85 ಡಿಗ್ರಿ ಆಸುಪಾಸಿನಲ್ಲೇ ಇತ್ತು. ಸುಳ್ಳು ಹೇಳುತ್ತಿದ್ದದ್ದು ಗೇಜ್, ಮತ್ತು ಆ ಸುಳ್ಳು ಕರೆಂಟಿನ ಲೋಡಿನ ಜೊತೆ ಏರಿಳಿಯುತ್ತಿತ್ತು. ಇಂಥ ಕಡೆ ಮೊದಲು ನೋಡಬೇಕಾದದ್ದು ಅರ್ಥ್, ಅಂದರೆ ಕರೆಂಟು ಗಾಡಿಯ ಲೋಹದ ಮೈ ಮೂಲಕ ಮರಳುವ ದಾರಿ.

ಯಾಕೆ ಎಂದರೆ ಇಂಥ ಹಳೇ ಗಾಡಿಗಳಲ್ಲಿ ಬಿಸಿಯನ್ನು ಗ್ರಹಿಸಿ ಗೇಜಿಗೆ ತಿಳಿಸುವ ಸೆಂಡರ್‌ಗೆ ಒಂದೇ ವೈರು. ಇನ್ನೊಂದು ತುದಿ ಅದರ ಹಿತ್ತಾಳೆ ಮೈಯ ಮೂಲಕ ಎಂಜಿನ್ ಬ್ಲಾಕಿಗೆ ಅರ್ಥ್ ಆಗಿರುತ್ತದೆ. ಗೇಜಿನ ಅರ್ಥ್ ಮಾತ್ರ ಡ್ಯಾಶ್‌ಬೋರ್ಡಿನಿಂದ ಗಾಡಿಯ ಲೋಹದ ಮೈಗೆ (ಬಾಡಿ) ಹೋಗುತ್ತದೆ. ಬಾಡಿ ಮತ್ತು ಬ್ಲಾಕ್ ಎರಡೂ ಒಂದೇ ವೋಲ್ಟೇಜಿನಲ್ಲಿದ್ದರೆ ಗೇಜ್ ನಿಜ ಹೇಳುತ್ತದೆ. ಆಲ್ಟರ್ನೇಟರಿನಿಂದ ಹೊರಟ ಕರೆಂಟು ಬ್ಯಾಟರಿ, ದೀಪ, ಬ್ಲೋವರ್ ಎಲ್ಲ ಸುತ್ತಿ ಕೊನೆಗೆ ಚಾಸಿಯಿಂದ (ಗಾಡಿಯ ಅಡಿಯ ಲೋಹದ ಚೌಕಟ್ಟು) ಬ್ಲಾಕಿಗೆ, ಅಲ್ಲಿಂದ ಆಲ್ಟರ್ನೇಟರ್ ಮೈಗೆ ಮರಳಬೇಕು. ಚಾಸಿ-ಎಂಜಿನ್ ನಡುವಿನ ಅರ್ಥ್ ಪಟ್ಟಿಯಲ್ಲಿ ತಡೆ ಇದ್ದರೆ ಬ್ಲಾಕು ಬಾಡಿಗಿಂತ ಅರ್ಧ ವೋಲ್ಟಿನಷ್ಟು ಕೆಳಗೆ ಹೋಗುತ್ತದೆ. ಆಗ ಸೆಂಡರಿನಲ್ಲಿ ಹೆಚ್ಚು ಕರೆಂಟು ಹರಿಯುತ್ತದೆ. ಬಿಸಿ ಏರಿದಂತೆ ರೋಧ ಇಳಿಯುವ ಜಾತಿಯ ಸೆಂಡರ್ ಅದು. ಕರೆಂಟು ಹೆಚ್ಚಿದ್ದನ್ನು ಗೇಜ್ ‘ಎಂಜಿನ್ ಕಾದಿದೆ’ ಎಂದೇ ಓದಿಕೊಳ್ಳುತ್ತದೆ. ಲೋಡ್ ಹೆಚ್ಚಿದಷ್ಟೂ ಮುಳ್ಳು ಮೇಲೆ.

ಬ್ಯಾಟರಿ ತುಂಬದೇ ಇರುವುದಕ್ಕೂ ಇದೇ ಪಟ್ಟಿ ಕಾರಣವಾಗಬಲ್ಲದು. ಆಲ್ಟರ್ನೇಟರಿನ ಒಳಗೆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಅದರ ಬಿ ಪ್ಲಸ್ (ಕರೆಂಟು ಹೊರಬರುವ ಟರ್ಮಿನಲ್) ಮತ್ತು ಅದರ ಮೈಯ ನಡುವೆ 14.2 ವೋಲ್ಟ್ ಇದೆಯೇ ಎಂದಷ್ಟೇ ನೋಡುತ್ತದೆ. ದಾರಿಯಲ್ಲಿ ಸೋರಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಗೇಜ್ ಮತ್ತು ಚಾರ್ಜಿಂಗ್ ಎಂದು ಎರಡು ಕಡತ ತೆರೆಯದೆ ಅಳತೆ ಒಂದೇ ಕಡೆಯಿಂದ ಶುರುವಾಯಿತು.

ಲೋಡ್ ಹಾಕಿ ಅಳೆದದ್ದು

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಮೊದಲ ಓದು: ಎಂಜಿನ್ ಬ್ಯಾಟರಿ 12.35 ವೋಲ್ಟ್. ತುಂಬಿದ್ದರೆ 12.6ರ ಮೇಲಿರಬೇಕಿತ್ತು. ಹಿಂದಿನ ಟ್ಯೂಬುಲರ್ 11.9 ವೋಲ್ಟ್, ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ 1.150, ತುಂಬಿದ ಟ್ಯೂಬುಲರ್ 1.240ರ ಸುತ್ತ ತೋರಿಸಬೇಕು.

ಆಮೇಲೆ ಎಂಜಿನ್ ಓಡಿಸಿ, ವೇಗ ನಿಮಿಷಕ್ಕೆ 1500 ಸುತ್ತಿನ ಹತ್ತಿರ ಇಟ್ಟು, ಹೆಡ್‌ಲೈಟ್, ಬ್ಲೋವರ್, ಹಿಂದಿನ ಡಿಫಾಗರ್ ಎಲ್ಲ ಹಾಕಿ ಕ್ಲ್ಯಾಂಪ್ ಮೀಟರಿನಲ್ಲಿ ಆಲ್ಟರ್ನೇಟರ್ 45 ಆಂಪಿಯರ್ ಕೊಡುತ್ತಿರುವುದನ್ನು ಖಾತ್ರಿ ಮಾಡಿಕೊಂಡು ಅಳೆದದ್ದು ಹೀಗಿತ್ತು. ಬಿ ಪ್ಲಸ್‌ನಿಂದ ಆಲ್ಟರ್ನೇಟರ್ ಮೈಗೆ 14.2 ವೋಲ್ಟ್, ಅಂದರೆ ಅದು ಆರೋಗ್ಯವಾಗಿದೆ. ಬ್ಯಾಟರಿ ಕಂಬಗಳ (ಟರ್ಮಿನಲ್) ನಡುವೆ 13.2. ಒಂದು ವೋಲ್ಟ್ ದಾರಿಯಲ್ಲೇ ಹೋಗುತ್ತಿದೆ. ಬಿ ಪ್ಲಸ್‌ನಿಂದ ಬ್ಯಾಟರಿ ಪ್ಲಸ್ ಕಂಬಕ್ಕೆ 0.45, ಆಲ್ಟರ್ನೇಟರ್ ಮೈಯಿಂದ ಬ್ಯಾಟರಿ ಮೈನಸ್ ಕಂಬಕ್ಕೆ 0.55. ಪ್ಲಸ್ ಕಡೆ 0.3ರೊಳಗೆ, ಮೈನಸ್ ಕಡೆ 0.2ರೊಳಗೆ ಇರಬೇಕಾದ ಅಂಕಿಗಳಿವು. ಮೈನಸ್ ಕಡೆಯ 0.55ನ್ನು ತುಂಡು ಮಾಡಿ ನೋಡಿದಾಗ ಬ್ಯಾಟರಿಯಿಂದ ಚಾಸಿಗೆ 0.05 ಮಾತ್ರ, ಚಾಸಿಯಿಂದ, ಎಂಜಿನ್ನಿಗೇ ಬಿಗಿದಿರುವ ಗೇರ್‌ಬಾಕ್ಸಿಗೆ, ಪೂರಾ 0.50. ಕಳ್ಳ ಸಿಕ್ಕಿದ್ದು ಅಲ್ಲಿ.

ಸೆಲ್ಫ್ ಹೊಡೆಯುವಾಗ ಇದೇ ಎರಡು ಬಿಂದುಗಳ ನಡುವೆ 2 ವೋಲ್ಟಿಗೂ ಹೆಚ್ಚು ಬಂತು. ಸ್ಟಾರ್ಟರ್ ಎಳೆಯುವುದು 200 ಆಂಪಿಯರ್ ಮೇಲೆ, ಅದೂ ಇದೇ ಪಟ್ಟಿಯಲ್ಲೇ ಮರಳಬೇಕು. ಪಟ್ಟಿ ಸಾಲದಾದಾಗ ಕರೆಂಟು ಆಕ್ಸಿಲರೇಟರ್ ಕೇಬಲ್ಲಿನಂಥ ಅಡ್ಡದಾರಿ ಹಿಡಿಯುತ್ತದೆ. ನಾಲ್ಕಾರು ಸಲ ಸೆಲ್ಫ್ ಹೊಡೆದ ಮೇಲೆ ಆ ಕೇಬಲ್ಲಿನ ಹೊರಕವಚ ಕೈಗೆ ಬಿಸಿ ಹತ್ತುತ್ತಿತ್ತು. ಇದನ್ನು ಹಾಗೇ ಬಿಟ್ಟರೆ ಕೇಬಲ್ ಒಳಗಿನಿಂದ ಸುಟ್ಟು ಹಿಡಿದುಕೊಳ್ಳುವುದುಂಟು. ಘಾಟಿನಲ್ಲಿ ಆಕ್ಸಿಲರೇಟರ್ ಸಿಕ್ಕಿಕೊಂಡರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಖಾತ್ರಿಗೆ ಒಂದು ಜಂಪರ್ ಕೇಬಲ್ ಸಾಕಾಯಿತು. ಗೇರ್‌ಬಾಕ್ಸಿನ ಬೋಲ್ಟಿಗೆ ಒಂದು ತುದಿ, ಬ್ಯಾಟರಿ ಮೈನಸ್ ಕಂಬಕ್ಕೆ ಇನ್ನೊಂದು. ಕಚ್ಚಿಸಿದ ಕೂಡಲೇ ಬಿಸಿಯ ಮುಳ್ಳು ನಡುವಿಗೆ ಇಳಿಯಿತು, ಬ್ಯಾಟರಿ ವೋಲ್ಟೇಜ್ 13.65ಕ್ಕೆ ಏರಿತು, ಹಿಂದಿನ ರಿಲೇ ‘ಟಕ್’ ಎಂದು ಕೂಡಿತು. ಅಲ್ಲಿಯವರೆಗೂ ದೀಪ ಹಾಕಿದಾಗ ರಿಲೇ ಕೂಡುತ್ತಲೇ ಇರಲಿಲ್ಲ. ದೀಪ ಆರಿಸಿದಾಗ ಕೂಡಿದರೂ ಹಿಂದಿನ ಬ್ಯಾಟರಿ ಎಳೆದ ಕರೆಂಟಿಗೆ ವೋಲ್ಟೇಜ್ ಮತ್ತೆ 12.8ಕ್ಕೆ ಕುಸಿದು ಬಿಟ್ಟುಬಿಡುತ್ತಿತ್ತು. ಇದನ್ನೇ ‘ರಿಲೇ ಕೆಟ್ಟಿದೆ’ ಎಂದು ಮನೆಯವರು ತಿಳಿದಿದ್ದರು.

ಇಲ್ಲಿ ಎರಡು ಎಚ್ಚರಿಕೆ ಹೇಳಲೇಬೇಕು. ಮಲ್ಟಿಮೀಟರಿನ ಬೀಪ್ ಇಟ್ಟು ‘ಅರ್ಥ್ ಬರುತ್ತಿದೆ’ ಎಂದು ತೀರ್ಮಾನಿಸುವುದು ನಮ್ಮ ಕಡೆ ರೂಢಿ. ಪಟ್ಟಿಯ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ, ಆದರೆ 45 ಆಂಪಿಯರ್ ಅದರಲ್ಲಿ ಹೋಗುವುದಿಲ್ಲ. ಲೋಡ್ ಇಲ್ಲದ ಅಳತೆಗೆ ಬೆಲೆಯಿಲ್ಲ. ಎರಡನೆಯದು ಇನ್ನೂ ಕೆಟ್ಟದ್ದು: ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು, ಎಂಜಿನ್ ನಿಲ್ಲದಿದ್ದರೆ ಡೈನಮೋ ಸರಿ ಇದೆ ಎನ್ನುವ ಪರೀಕ್ಷೆ. ಬ್ಯಾಟರಿ ಕಳಚಿದ ಕ್ಷಣದಲ್ಲಿ ಆಲ್ಟರ್ನೇಟರ್ ವೋಲ್ಟೇಜ್ ಹಲವು ಪಟ್ಟು ಜಿಗಿದು ಅದರದೇ ಡಯೋಡು, ರೆಗ್ಯುಲೇಟರು, ಗಾಡಿಯ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಲ್ಲಕ್ಕೂ ಪೆಟ್ಟು ಬೀಳಬಹುದು. ಡಯೋಡ್ ಬಗ್ಗೆ ಸಂಶಯವಿದ್ದರೆ ಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಬ್ಯಾಟರಿ ಕಂಬಗಳ ಮೇಲೆ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಡಯೋಡ್ ನೋಡಬೇಕು. ಈ ಗಾಡಿಯಲ್ಲಿ ಬಂದದ್ದು ಅದಕ್ಕಿಂತ ಬಹಳ ಕಡಿಮೆ.

ಪಟ್ಟಿ ಹೇಗೆ ಕೆಟ್ಟಿತು

ಹೊರಗಿನಿಂದ ನೋಡಿದರೆ ಹೆಣೆದ ತಾಮ್ರದ ಪಟ್ಟಿ ಚೆನ್ನಾಗಿಯೇ ಇತ್ತು. ಬೋಲ್ಟ್ ಬಿಚ್ಚಿದಾಗ ಲಗ್ಗಿನ (ಬೋಲ್ಟ್ ಹಾಯುವ ಲೋಹದ ತುದಿ) ಕೆಳಗೆ ಕಪ್ಪು ಬಣ್ಣ ಕಾಣಿಸಿತು. ಕ್ಯಾಂಪರ್ ಮಾಡುವಾಗ ಚಾಸಿಗೆ ತುಕ್ಕು ನಿರೋಧಕ ಹೊಡೆದಿದ್ದಾರೆ, ಪಟ್ಟಿಯನ್ನು ಬಣ್ಣದ ಮೇಲೇ ಕೂರಿಸಿ ಬಿಗಿದಿದ್ದಾರೆ. ಸಂಪರ್ಕ ಉಳಿದದ್ದು ಬೋಲ್ಟಿನ ಹಲ್ಲುಗಳಲ್ಲಿ ಮಾತ್ರ. ಮೇಲೆ ಗೋಕರ್ಣದ ಮರಳಿನ ಉಪ್ಪು, ಮಳೆಗಾಲದಲ್ಲಿ ಹೊಲದ ದಾರಿಯ ಎರೆಮಣ್ಣು. ಎರೆಮಣ್ಣು ಒಮ್ಮೆ ಮೆತ್ತಿದರೆ ಒಣಗುವುದು ನಿಧಾನ, ತೇವ ಹಿಡಿದಿಟ್ಟುಕೊಂಡು ಉಪ್ಪನ್ನು ಕೆಲಸಕ್ಕೆ ಹಚ್ಚುತ್ತದೆ. ಗೇರ್‌ಬಾಕ್ಸ್ ಕಡೆಯ ಲಗ್ಗಿನೊಳಗೆ ತಾಮ್ರ ಹಸಿರು ಪುಡಿಯಾಗಿತ್ತು.

ದುರಸ್ತಿಗೆ ಮೊದಲು ಎಂಜಿನ್ ಬ್ಯಾಟರಿಯ ಮೈನಸ್, ಆಮೇಲೆ ಹಿಂದಿನ ಬ್ಯಾಟರಿಯ ಮೈನಸ್ ಬಿಚ್ಚಿದ್ದು. ಎರಡು ಬ್ಯಾಟರಿ ಇರುವ ಗಾಡಿಯಲ್ಲಿ ಒಂದನ್ನೇ ಬಿಚ್ಚಿ ಕೆಲಸ ಶುರು ಮಾಡಿದರೆ ಸ್ಪ್ಯಾನರ್ ತಾಗಿದ ಕಡೆ ಕಿಡಿ ಏಳುತ್ತದೆ. ಚಾಸಿಯ ಜಾಗವನ್ನು ಲಗ್ಗಿಗಿಂತ ತುಸು ಅಗಲಕ್ಕೆ, ಲೋಹ ಹೊಳೆಯುವವರೆಗೆ 80 ನಂಬರ್ ಎಮರಿಯಿಂದ ಉಜ್ಜಿ, ತವರ ಲೇಪಿಸಿದ ಲಗ್ಗಿನ 35 ಚದರ ಮಿಲಿಮೀಟರ್ ಪಟ್ಟಿಗಳನ್ನು ಎರಡು ಬೇರೆ ಬೇರೆ ಜಾಗದಲ್ಲಿ ಹಾಕಲಾಯಿತು: ಒಂದು ಗೇರ್‌ಬಾಕ್ಸಿನಿಂದ ಚಾಸಿಗೆ, ಇನ್ನೊಂದು ಬ್ಲಾಕಿನಿಂದ ನೇರ ಬ್ಯಾಟರಿ ಮೈನಸ್ ಕಂಬಕ್ಕೆ. ಹಲ್ಲಿನ ವಾಶರ್ ಹಾಕಿ 8 ಮಿಲಿಮೀಟರ್ ಬೋಲ್ಟನ್ನು 20ರಿಂದ 25 ನ್ಯೂಟನ್ ಮೀಟರಿಗೆ ಬಿಗಿದು, ಪೆಟ್ರೋಲಿಯಂ ಜೆಲ್ಲಿ ಮತ್ತು ಬಣ್ಣ ಆಮೇಲೆ. ಬಿಗಿಯುವ ಮೊದಲೇ ಬಣ್ಣ ಹೊಡೆದರೆ ಹಳೇ ಕಥೆಯೇ. ಪ್ಲಸ್ ಕಡೆ ಬಿ ಪ್ಲಸ್ ನಟ್ಟಿನ ಕೆಳಗಿನ ಮಸಿ ಉಜ್ಜಿ, 25 ಚದರ ಮಿಲಿಮೀಟರಿನ ಇನ್ನೊಂದು ಕೇಬಲ್ಲನ್ನು ಜೋಡಿಯಾಗಿ, ಅದರದೇ ಫ್ಯೂಸಿನೊಂದಿಗೆ ಎಳೆಯಲಾಯಿತು.

ಈ ಹೊತ್ತಿಗೆ ಇನ್ನೊಂದು ಚಿಕ್ಕ ತಪ್ಪು ಬೆಳಕಿಗೆ ಬಂತು. ಸ್ಟಾರ್ಟ್ ಆದ ಮೇಲೆ ಒಮ್ಮೆ ಜೋರಾಗಿ ಆಕ್ಸಿಲರೇಟರ್ ಒತ್ತುವವರೆಗೂ ಚಾರ್ಜ್ ಶುರುವಾಗುತ್ತಿರಲಿಲ್ಲ, ಮೀಟರ್ ಬೋರ್ಡಿನಲ್ಲಿ ಚಾರ್ಜಿನ ಕೆಂಪು ದೀಪ ಉರಿಯುತ್ತಲೇ ಇರುತ್ತಿತ್ತು. ಮೀಟರ್ ಬೋರ್ಡು ಚೆಂದ ಕಾಣಲೆಂದು ಯಾರೋ ಎಲ್ಲ ಬಲ್ಬುಗಳನ್ನೂ ಎಲ್‌ಇಡಿಗೆ ಬದಲಿಸಿದ್ದರು. ಆ ಕೆಂಪು ದೀಪ ಸೂಚನೆಗಷ್ಟೇ ಇರುವುದಲ್ಲ. ಡಿ ಪ್ಲಸ್ ಟರ್ಮಿನಲ್ಲಿನ ಮೂಲಕ ಆಲ್ಟರ್ನೇಟರಿನ ರೋಟರಿಗೆ (ಒಳಗೆ ತಿರುಗುವ ಸುರುಳಿ) ಮೊದಲ ಕರೆಂಟು ಹೋಗುವುದು ಅದರ ಫಿಲಮೆಂಟಿನ ಮೂಲಕ. 2 ವ್ಯಾಟಿನ ಬಲ್ಬಿನಲ್ಲಿ ಸುಮಾರು 160 ಮಿಲಿ ಆಂಪಿಯರ್ ಹರಿದರೆ ಎಲ್‌ಇಡಿಯಲ್ಲಿ 20ರಷ್ಟು. ರೋಟರ್ ಎಚ್ಚರಗೊಳ್ಳಲು ಅದು ಸಾಲದು. ಕ್ಯಾಂಪಿನಲ್ಲಿ ನಿಂತು ತಾಸುಗಟ್ಟಲೆ ಎಂಜಿನ್ ಐಡಲ್‌ನಲ್ಲಿ ಬಿಟ್ಟರೂ ಬ್ಯಾಟರಿ ಏರದಿದ್ದದ್ದು ಇದರಿಂದ. ಆ ಒಂದು ಜಾಗಕ್ಕೆ ಹಳೇ ಬಲ್ಬು ವಾಪಸು ಹಾಕಿದರೆ ಮುಗಿಯಿತು. ಎಲ್‌ಇಡಿಯೇ ಬೇಕೆಂದರೆ ಅದಕ್ಕೆ ಅಡ್ಡಲಾಗಿ 100 ಓಮ್, 5 ವ್ಯಾಟಿನ ರೆಸಿಸ್ಟರ್ ಕೂರಿಸಬಹುದು.

ಹಿಂದಿನ ಬ್ಯಾಟರಿ

ಅರ್ಥ್ ಸರಿಹೋದ ಮೇಲೂ ಹಿಂದಿನ ಬ್ಯಾಟರಿ ಕಂಬದಲ್ಲಿ 12.8 ಮಾತ್ರ, ರಿಲೇಯ ಹೊರಬಾಯಲ್ಲಿ 13.5. ಕಾರಣ ಲೆಕ್ಕದಲ್ಲೇ ಸಿಗುತ್ತದೆ. ಹಾಕಿದ್ದು 6 ಚದರ ಮಿಲಿಮೀಟರ್ ವೈರು, ಉದ್ದ 7 ಮೀಟರ್. ತಾಮ್ರದ ರೋಧ ಮೀಟರಿಗೆ, ಒಂದು ಚದರ ಮಿಲಿಮೀಟರಿಗೆ 0.0175 ಓಮ್. ಏಳರಿಂದ ಗುಣಿಸಿ ಆರರಿಂದ ಭಾಗಿಸಿದರೆ 0.02 ಓಮ್, 25 ಆಂಪಿಯರ್ ಹರಿದರೆ ಅರ್ಧ ವೋಲ್ಟ್ ವೈರಿನಲ್ಲೇ ಹೋಯಿತು. ಉಳಿದದ್ದು ಫ್ಯೂಸ್ ಹೋಲ್ಡರ್ ಮತ್ತು ಹಿಂದಿನ ಅರ್ಥ್ ತಿಂದದ್ದು. ಸೀಸ-ಆಮ್ಲದ ಬ್ಯಾಟರಿಗೆ ಈ ಅರ್ಧ ವೋಲ್ಟೇ ಸರ್ವಸ್ವ. 14ರ ಮೇಲೆ ಸಿಕ್ಕರೆ ಅದು ತುಂಬುತ್ತದೆ, 13ರ ಕೆಳಗೆ ಎಷ್ಟು ಹೊತ್ತು ಇಟ್ಟರೂ ಅರೆಹೊಟ್ಟೆಯಲ್ಲೇ ಇರುತ್ತದೆ, ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತ ಹೋಗುತ್ತದೆ.

25 ಚದರ ಮಿಲಿಮೀಟರ್ ಕೇಬಲ್ ಹಾಕಿದರೆ ರೋಧ 0.005 ಓಮಿಗೆ ಇಳಿಯುತ್ತದೆ. ಈ ದಪ್ಪದ ಮೆತ್ತನೆ ಕೇಬಲ್ ಹುಬ್ಬಳ್ಳಿಯಲ್ಲಿ ವೆಲ್ಡಿಂಗ್ ಸಾಮಾನು ಮಾರುವಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಅಲ್ಯೂಮಿನಿಯಂ ಎಳೆಗಳದ್ದೂ, ಮೇಲೆ ತಾಮ್ರ ಲೇಪಿಸಿದ್ದೂ ಅದೇ ರಾಶಿಯಲ್ಲಿರುತ್ತವೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ಬೇಡ. ತೂಕವೂ ಸುಳ್ಳು ಹೇಳದು: ಹೊದಿಕೆ ಬಿಟ್ಟು ಮೀಟರಿಗೆ ತಾಮ್ರ 224 ಗ್ರಾಂ ತೂಗಬೇಕು, ಅಲ್ಯೂಮಿನಿಯಂ 70 ಗ್ರಾಂ ಕೂಡ ಇರುವುದಿಲ್ಲ. ಲಗ್ಗುಗಳನ್ನು ಹೈಡ್ರಾಲಿಕ್ ಕ್ರಿಂಪರಿನಿಂದ ಒತ್ತಿಸಿ, ಸುತ್ತಿಗೆಯಿಂದ ಬಡಿದು ಕೂರಿಸಬೇಡಿ. ಎರಡೂ ಬ್ಯಾಟರಿಗಳ ಹತ್ತಿರ, ಕಂಬದಿಂದ ಒಂದು ಅಡಿಯೊಳಗೆ, ತಲಾ ಒಂದು 100 ಆಂಪಿಯರ್ ಫ್ಯೂಸ್ ಬೇಕು. ಈ ಕೇಬಲ್ಲಿಗೆ ಎರಡೂ ತುದಿಯಲ್ಲಿ ಬ್ಯಾಟರಿ ಇರುವುದರಿಂದ ಒಂದೇ ಫ್ಯೂಸ್ ಇದ್ದರೆ, ನಡುವೆ ಎಲ್ಲಾದರೂ ಚಾಸಿಗೆ ಉಜ್ಜಿದಾಗ ಇನ್ನೊಂದು ತುದಿಯಿಂದ ಬೆಂಕಿ ಬರುತ್ತದೆ. ಈ ಗಾಡಿಯಲ್ಲಿ ಹಿಂದಿನ ಫ್ಯೂಸೇ ಇರಲಿಲ್ಲ. ಮಲಗುವ ಹಾಸಿಗೆಯ ಕೆಳಗೆ!

ಫ್ರಿಜ್ಜಿಗೂ ಇದೇ ರೋಗ ಇತ್ತು. ಹೋಗಿ ಬರುವ ದಾರಿ ಸೇರಿ 10 ಮೀಟರ್ 1.5 ಚದರ ಮಿಲಿಮೀಟರ್ ವೈರಿನಲ್ಲಿ ದೀಪ, ಪಂಪು, ಫ್ರಿಜ್ ಎಲ್ಲ ಒಟ್ಟಿಗೆ. 7 ಆಂಪಿಯರಿಗೆ 0.8 ವೋಲ್ಟ್ ಇಳಿತ. ಬ್ಯಾಟರಿಯಲ್ಲಿ ಇನ್ನೂ ಜೀವ ಇದ್ದರೂ ಫ್ರಿಜ್ಜಿನ ಕಡಿಮೆ-ವೋಲ್ಟೇಜ್ ಕಟ್‌ಆಫ್ ಅದನ್ನು ನಿಲ್ಲಿಸುತ್ತಿತ್ತು. ಫ್ರಿಜ್ಜಿಗೆ ಬೇರೆ ಫ್ಯೂಸಿನಿಂದ 6 ಚದರ ಮಿಲಿಮೀಟರ್ ಜೋಡಿ ವೈರು ಕೊಡಲಾಯಿತು.

ಇನ್ನು 90 ಪ್ರತಿಶತದ ಮಾನಿಟರ್. ಇದು ಬ್ಯಾಟರಿ ಮೈನಸ್ಸಿನಲ್ಲಿ ಕೂರಿಸಿದ ಶಂಟಿನ (ಕರೆಂಟು ಅಳೆಯಲು ಇಡುವ, ಅತಿ ಕಡಿಮೆ ರೋಧದ ತುಂಡು) ಮೂಲಕ ಹೋಗಿ ಬರುವ ಆಂಪಿಯರ್ ಎಣಿಸುವ ಜಾತಿಯದು. ಇನ್ವರ್ಟರಿನ ಮೈನಸ್ ವೈರನ್ನು ಶಂಟಿನ ಆಚೆಗೆ ಹಾಕದೆ ಸೀದಾ ಬ್ಯಾಟರಿ ಕಂಬಕ್ಕೆ ಬಿಗಿದಿದ್ದರು. ಇನ್ವರ್ಟರ್ ತಿಂದ ಕರೆಂಟು ಲೆಕ್ಕಕ್ಕೇ ಬರುತ್ತಿರಲಿಲ್ಲ. ಜೊತೆಗೆ ‘ಪೂರ್ಣ ಚಾರ್ಜ್’ ವೋಲ್ಟೇಜನ್ನು 13.2ಕ್ಕೆ ಇಟ್ಟಿದ್ದರಿಂದ ಅದು ಬೇಗನೇ ನೂರಕ್ಕೆ ಹಾರುತ್ತಿತ್ತು. ಬ್ಯಾಟರಿ ಕಂಬದ ಮೇಲೆ ಶಂಟಿನ ಒಂದು ವೈರು ಬಿಟ್ಟರೆ ಬೇರೆ ಯಾವ ಮೈನಸ್ಸೂ ಇರಬಾರದು. ಪೂರ್ಣ ವೋಲ್ಟೇಜ್ 14.2, ಸಾಮರ್ಥ್ಯ 150 ಎಂದು ತಿದ್ದಿ, ಬ್ಯಾಟರಿಯನ್ನು ಮನೆಯ ಚಾರ್ಜರಿನಲ್ಲಿ ತುಂಬಿಸಿದ ಮೇಲೆಯೇ ಮಾನಿಟರನ್ನು ನೂರಕ್ಕೆ ಹೊಂದಿಸಲಾಯಿತು.

ಡೀಸೆಲ್ ಮುಳ್ಳು

ಇದರ ಕಾರಣ ಬೇರೆ ಬೋಲ್ಟಿನಲ್ಲಿತ್ತು, ಜಾತಿ ಮಾತ್ರ ಅದೇ. ಹಿಂದಿನ ಇಂಡಿಕೇಟರ್ ಹಾಕಿದರೆ ಡೀಸೆಲ್ ಮುಳ್ಳು ಅದರ ತಾಳಕ್ಕೆ ಸರಿಯಾಗಿ ತುಸು ಮೇಲೆ ಜಿಗಿಯುತ್ತಿತ್ತು. ಟ್ಯಾಂಕಿನ ಸೆಂಡರ್ ಮತ್ತು ಹಿಂದಿನ ದೀಪಗಳು ಒಂದೇ ಅರ್ಥ್ ಬೋಲ್ಟ್ ಹಂಚಿಕೊಂಡಿದ್ದವು, ಅದೂ ತುಕ್ಕು ಹಿಡಿದಿತ್ತು. ಈ ಸೆಂಡರ್ ಖಾಲಿಯಲ್ಲಿ 10 ಓಮ್, ತುಂಬಿದಾಗ 180 ಓಮ್ ತೋರುವಂಥದ್ದು. ಅರ್ಥಿನಲ್ಲಿ 30 ಓಮ್ ಹೆಚ್ಚುವರಿ ರೋಧ ಸೇರಿದರೆ ಖಾಲಿ ಟ್ಯಾಂಕ್ 40 ಓಮಿನಂತೆ ಕಾಣುತ್ತದೆ, ಮುಳ್ಳು ಕಾಲಿನ ಹತ್ತಿರ ನಿಲ್ಲುತ್ತದೆ. ತುಂಬಿದಾಗ ರೋಧ ಇಳಿಯುವ ಸೆಂಡರ್ ಇರುವ ಗಾಡಿಗಳಲ್ಲಿ ಇದೇ ದೋಷ ಕಡಿಮೆ ತೋರಿಸುತ್ತದೆ, ಆದ್ದರಿಂದ ಮೊದಲು ಸೆಂಡರ್ ಯಾವ ಜಾತಿ ಎಂದು ಓಮ್‌ಮೀಟರಿನಲ್ಲಿ ನೋಡಿಕೊಳ್ಳಬೇಕು. ಸೆಂಡರಿನ ವೈರು ಬಿಚ್ಚಿ, ಇಗ್ನಿಷನ್ ಹಾಕಿ, ಒಂದು ಕ್ಷಣ ಚಾಸಿಗೆ ಮುಟ್ಟಿಸಿದಾಗ ಮುಳ್ಳು ಖಾಲಿಗೆ ಬಿತ್ತು. ಗೇಜೂ ವೈರೂ ಸರಿ ಎಂದು ಅಲ್ಲಿಗೆ ತೀರ್ಮಾನ. ಸೆಂಡರಿಗೆ 2.5 ಚದರ ಮಿಲಿಮೀಟರಿನ ಸ್ವಂತ ಅರ್ಥ್ ವೈರು ಎಳೆದು ಚಾಸಿಯ ಬೇರೆ ಜಾಗಕ್ಕೆ ಕೂರಿಸಿದ ಮೇಲೆ ಜಿಗಿತ ನಿಂತಿತು.

ಹೀಗೆ ವೈರನ್ನು ಅರ್ಥಿಗೆ ಮುಟ್ಟಿಸಿ ನೋಡುವುದು ಹಳೇ ಮುಳ್ಳಿನ ಗೇಜುಗಳಿಗಷ್ಟೇ. ಸೆಂಡರ್ ಇಸಿಯುಗೆ ಹೋಗಿ ಅಲ್ಲಿಂದ ಮೀಟರಿಗೆ ಸಂದೇಶ ಬರುವ ಹೊಸ ಗಾಡಿಗಳಲ್ಲಿ ಹಾಗೆ ಮಾಡಬೇಡಿ. ಬಿಎಸ್ 6 ಹೊಗೆ ನಿಯಮದ ಕಾಲದ ಹಲವು ಗಾಡಿಗಳಲ್ಲಿ ಇನ್ನೊಂದು ವ್ಯತ್ಯಾಸವಿದೆ: ಇಂಧನ ಉಳಿಸಲು ಆಲ್ಟರ್ನೇಟರೇ ವೋಲ್ಟೇಜನ್ನು ಬೇಕೆಂದೇ 13ರ ಕೆಳಗೆ ಇಳಿಸುತ್ತದೆ. ಅಲ್ಲಿ ಅರ್ಥ್ ಎಷ್ಟೇ ಚೆನ್ನಾಗಿದ್ದರೂ ಈ ಬಗೆಯ ರಿಲೇ ನೆಟ್ಟಗೆ ಕೂಡುವುದಿಲ್ಲ, ಬಂದ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಹಾಕುವುದೇ ಸರಿಯಾದ ದಾರಿ. ಲಿಥಿಯಂ ಬ್ಯಾಟರಿ ಹಾಕುವವರಿಗೂ ಅದೇ ಸಲಹೆ. ಲಿಥಿಯಂ ಎಳೆಯುವ ಕರೆಂಟಿಗೆ ಮಿತಿ ಹಾಕದಿದ್ದರೆ ಐಡಲ್‌ನಲ್ಲಿ ಆಲ್ಟರ್ನೇಟರ್ ಸುಡಬಹುದು.

ದುರಸ್ತಿ ನಂತರದ ಓದು

ಅದೇ 45 ಆಂಪಿಯರ್ ಲೋಡಿನಲ್ಲಿ ಪ್ಲಸ್ ಕಡೆ ಇಳಿತ 0.12, ಮೈನಸ್ ಕಡೆ 0.06. ಎಂಜಿನ್ ಬ್ಯಾಟರಿಯಲ್ಲಿ 14.0. ಸೆಲ್ಫ್ ಹೊಡೆಯುವಾಗ ಅರ್ಥ್ ಇಳಿತ ಕಾಲು ವೋಲ್ಟ್. ಹಿಂದಿನ ಬ್ಯಾಟರಿ ಕಂಬದಲ್ಲಿ 35 ಆಂಪಿಯರ್ ಹರಿಯುವಾಗ 13.55, ತುಂಬುತ್ತ ಬಂದಂತೆ 14ರ ಹತ್ತಿರ. ಹೆಡ್‌ಲೈಟಿಗೆ ಬಿಸಿಯ ಮುಳ್ಳು ಅಲುಗುವುದಿಲ್ಲ.

ಟ್ಯೂಬುಲರ್ ಮನೆಯ ಚಾರ್ಜರಿನಲ್ಲಿ ನಿಧಾನವಾಗಿ ತುಂಬಿದ ಮೇಲೆ ಐದು ಸೆಲ್ಲುಗಳು 1.230 ದಾಟಿದವು, ಒಂದು 1.210ರಲ್ಲಿ ನಿಂತಿತು. ಆ ಸೆಲ್ಲನ್ನು ತಿಂಗಳಿಗೊಮ್ಮೆ ನೋಡುತ್ತಿರಬೇಕು; ಅಂತರ ಬೆಳೆಯುತ್ತ ಹೋದರೆ ಬ್ಯಾಟರಿ ಬದಲಿಸುವ ಸಮಯ. ಅರ್ಧ ಖಾಲಿಯಾದ 150 ಆಂಪಿಯರ್-ಅವರ್ ಬ್ಯಾಟರಿಗೆ 75 ಆಂಪಿಯರ್-ಅವರ್ ಮರಳಿಸಬೇಕು, ಮತ್ತು ಕೊನೆಯ ಭಾಗ ತುಂಬುವಾಗ ಕರೆಂಟು ತಾನೇ ಇಳಿಯುತ್ತದೆ. ಕರಾವಳಿಗೆ ನಾಲ್ಕು ತಾಸು ಓಡಿದರೂ ಪೂರ್ತಿ ತುಂಬುವುದಿಲ್ಲ, ಪ್ರವಾಸ ಮುಗಿಸಿ ಬಂದ ಮೇಲೆ ಒಂದು ರಾತ್ರಿ ಮನೆಯ ಚಾರ್ಜರಿಗೆ ಹಾಕಲೇಬೇಕು.

ಕರಾವಳಿಯಿಂದ ಬಂದ ಕೂಡಲೇ ಗಾಡಿಯ ಅಡಿಭಾಗವನ್ನು, ಮುಖ್ಯವಾಗಿ ಪಟ್ಟಿಯ ಬೋಲ್ಟುಗಳನ್ನು, ಸಿಹಿನೀರಿನಿಂದ ತೊಳೆಯಬೇಕು. ಮಳೆಗಾಲದ ಮೊದಲೊಮ್ಮೆ ಮತ್ತು ಮುಗಿದ ಮೇಲೊಮ್ಮೆ ಹೆಡ್‌ಲೈಟ್, ಬ್ಲೋವರ್ ಹಾಕಿ ಗೇರ್‌ಬಾಕ್ಸಿನಿಂದ ಬ್ಯಾಟರಿ ಮೈನಸ್ಸಿಗೆ ಅಳೆಯಿರಿ. 0.2 ದಾಟಿದ್ದರೆ ಬೋಲ್ಟ್ ಬಿಚ್ಚಿ ಉಜ್ಜಿ ಮತ್ತೆ ಕೂರಿಸಿ.